ಡಿಸಿಯಲ್ಲಿ ಲಾಬಿ ಡೇ ಮಾಡಿಸಿಕೊಡೋ ಸರ್ವಿಸ್: ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ಆಗಿ ಇರೋಕೆ ಕೊಡೋ ಪರವಾನಗಿ) ಬ್ಯಾಕ್‌ಲಾಗ್, ಅಂದ್ರೆ ಅದಕ್ಕೆ ಕಾಯ್ತಿರೋರ ಉದ್ದನೆ ಸಾಲು, ಆ ವಿಷಯ ಮಾತಾಡೋಕೆ ನಮ್ಮ ಗುಂಪು ವಾಷಿಂಗ್ಟನ್ ಡಿಸಿಗೆ ಹೋಗಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಸದಸ್ಯರ, ಸೆನೆಟರ್‌ಗಳ ಆಫೀಸುಗಳನ್ನ ಹತ್ತಿಳಿದು ಬಂತು, ಇದಕ್ಕೇ ಲಾಬಿ ಡೇ ಅಂತಾರೆ, ಆ ದಿನದ ಪೂರ್ತಿ ಏರ್ಪಾಡು ಒಂದು ಕಂಪನಿಗೆ ವಹಿಸಿದ್ವಿ, ಈಗ ಬೇರೆ ಬೇರೆ ಊರಿನ ಕನ್ನಡ ಕೂಟದವರು ಹೆಂಗಿತ್ತು, ನಾವೂ ಮಾಡಿಸಬೋದಾ, ಅಷ್ಟು ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ ಆಯ್ತಾ ಅಂತ ಕೇಳ್ತಾ ಇರೋದ್ರಿಂದ ಎಲ್ಲಾರಿಗೂ ಸೇರಿಸಿ ಒಂದೇ ಕಡೆ ಬರೀತಿದೀನಿ. ಕಂಪನಿ ಹೆಸರು ಹಾಕಲ್ಲ. ಈ ಕೆಲಸ ಮಾಡೋರು ಹಲವರಿದಾರೆ, ಪ್ಯಾಕೇಜ್ ಹೆಚ್ಚುಕಮ್ಮಿ ಒಂದೇ ತರ ಇರತ್ತೆ, ಹಾಗಾಗಿ ಪ್ಯಾಕೇಜಿನ ಒಂದೊಂದು ಭಾಗ ಹೇಗಿತ್ತು ಅಂತ ಹೇಳಿದ್ರೆ ನಿಮಗೆ ಜಾಸ್ತಿ ಉಪಯೋಗ. ಮೊದಲೇ ಹೇಳಿಬಿಡ್ತೀನಿ: ಅಪಾಯಿಂಟ್‌ಮೆಂಟ್ ಹಿಡಿಸೋ ಕೆಲಸಕ್ಕೆ ಮತ್ತೆ ಟ್ರೇನಿಂಗಿಗೆ ಕೊಟ್ಟ ದುಡ್ಡು ಪೂರ್ತಿ ಸಾರ್ಥಕ, ಮಿಕ್ಕಿದ್ದನ್ನ ನಾಲ್ಕು ಜನ ಕೂತು ನೀವೇ ಮಾಡ್ಕೋಬೋದು, ಕೆಲವನ್ನ ನೀವೇ ಮಾಡಿದ್ರೆ ಇನ್ನೂ ಚೆನ್ನಾಗಿ ಆಗತ್ತೆ.

ಪ್ಯಾಕೇಜಲ್ಲಿ ಏನೇನಿತ್ತು ಅಂದ್ರೆ, ಬರೋರೆಲ್ಲರ ವಿಳಾಸ ತಗೊಂಡು ಯಾರ್ಯಾರು ಯಾವ ಕ್ಷೇತ್ರ ಅಂತ ವಿಂಗಡಿಸಿ ಆಯಾ ಆಫೀಸಿನಲ್ಲಿ ಮೀಟಿಂಗ್ ಫಿಕ್ಸ್ ಮಾಡೋದು, ಪ್ರತಿಯೊಬ್ಬರ ಫೋನಿಗೂ ಅವರವರ ಶೆಡ್ಯೂಲ್ ಬರೋ ಒಂದು ಆ್ಯಪ್, ಹೋಗೋಕೆ ಮುಂಚೆ ಝೂಮಲ್ಲಿ ಟ್ರೇನಿಂಗ್, ಆಫೀಸಲ್ಲಿ ಕೊಟ್ಟು ಬರೋಕೆ ಪ್ರಿಂಟ್ ಮಾಡಿದ ಫೋಲ್ಡರ್, ಆವತ್ತು ಏನಾದ್ರೂ ಎಡವಟ್ಟಾದ್ರೆ ಫೋನ್ ಮಾಡೋಕೆ ಒಂದು ಹೆಲ್ಪ್ ಡೆಸ್ಕ್, ಮೀಟಿಂಗ್ ಮುಗಿದ ಮೇಲೆ ಏನಾಯ್ತು ಅಂತ ಬರೆಯೋ ಫಾರ್ಮ್. ರೇಟು ಗುಂಪಿನ ಗಾತ್ರದ ಮೇಲೆ, ಎಷ್ಟು ಆಫೀಸು ಅನ್ನೋದರ ಮೇಲೆ ಬದಲಾಗತ್ತೆ.

ಅಪಾಯಿಂಟ್‌ಮೆಂಟ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಲಾಬಿ ಡೇ ಅಂದ್ರೆ ಅಸಲಿ ಕೆಲಸ ಅದೇ. ಕಾಂಗ್ರೆಸ್ಸಿಗೆ ಎರಡು ಸದನ, ಕೆಳಮನೆ ಹೌಸ್‌ನಲ್ಲಿ 435 ಜನ ಸದಸ್ಯರು, ಮೇಲ್ಮನೆ ಸೆನೆಟ್‌ನಲ್ಲಿ 100 ಜನ. ನೀವು ಅಮೆರಿಕದ ಯಾವ ರಾಜ್ಯದಲ್ಲಿದ್ರೂ ನಿಮಗೆ ಅಂತ ಒಬ್ಬರು ಹೌಸ್ ಸದಸ್ಯರು, ಇಬ್ಬರು ಸೆನೆಟರ್‌ಗಳು. ಯಾವ ಆಫೀಸಿಗೆ ಫೋನ್ ಮಾಡಿದ್ರೂ ಮೊದಲ ಪ್ರಶ್ನೆ ಒಂದೇ, ನಿಮ್ಮ ಗುಂಪಲ್ಲಿ ನಮ್ಮ ಕ್ಷೇತ್ರದವರು ಯಾರಿದಾರೆ. ಇದಾರೆ ಅಂದ್ರೆ ಬಾಗಿಲು ತೆಗೆಯತ್ತೆ, ಇಲ್ಲ ಅಂದ್ರೆ ಎಷ್ಟೇ ದೊಡ್ಡ ಸಂಘ ಆಗಿರ್ಲಿ ಸಿಗೋದು ಕಷ್ಟ. ಇನ್ನೊಂದು ಕಿರಿಕಿರಿ, ಒಂದೇ ಜಿಪ್ ಕೋಡ್ ಎರಡು ಕ್ಷೇತ್ರದಲ್ಲಿ ಹಂಚಿಹೋಗಿರತ್ತೆ, ಹಾಗಾಗಿ ಬರೀ ಐದಂಕಿ ಜಿಪ್ ಕೊಟ್ರೆ ಸಾಲದು, ಮನೆ ನಂಬರ್ ಸಮೇತ ಪೂರ್ತಿ ವಿಳಾಸ ಬೇಕು. ನಮ್ಮಲ್ಲಿ ಒಂದಿಷ್ಟು ಜನ ಪ್ರೈವೆಸಿ ಅಂತ ವಿಳಾಸ ಕೊಡೋಕೆ ಹಿಂದೇಟು ಹಾಕಿದ್ರು, ಕಂಪನಿಯವರು ಒಬ್ಬೊಬ್ಬರಿಗೂ ಫೋನ್ ಮಾಡಿ ಯಾಕೆ ಬೇಕು, ಎಲ್ಲಿ ಇಟ್ಕೋತೀವಿ, ಯಾವಾಗ ಅಳಿಸ್ತೀವಿ ಅಂತ ತಾಳ್ಮೆಯಿಂದ ಹೇಳಿ ತಗೊಂಡ್ರು. ಈ ತಾಳ್ಮೆ ವಾಲಂಟಿಯರ್‌ಗಳ ಹತ್ರ ಕೆಲಸ ಮುಗಿಸಿ ಬಂದ ಮೇಲೆ ರಾತ್ರಿ ಹತ್ತು ಗಂಟೆಗೆ ಇರಲ್ಲ.

ಎಚ್-1ಬಿ ಅನ್ನೋ ಕೆಲಸದ ವೀಸಾ ಮೇಲಿರೋರು ಸುಮಾರು ಜನ ನಮಗೆ ವೋಟೇ ಇಲ್ವಲ್ಲ, ನಮ್ಮ ಮಾತು ಯಾರು ಕೇಳ್ತಾರೆ ಅಂತ ಬರೋಕೇ ಹಿಂಜರಿದ್ರು. ಟ್ರೇನರ್ ಇದಕ್ಕೆ ಕೊಟ್ಟ ಉತ್ತರ ನನಗೆ ತುಂಬಾ ಹಿಡಿಸ್ತು. ಹೌಸ್ ಸೀಟು ಯಾವ ರಾಜ್ಯಕ್ಕೆ ಎಷ್ಟು ಅಂತ ಹಂಚೋದು ಹತ್ತು ವರ್ಷಕ್ಕೊಮ್ಮೆ ಮಾಡೋ ಸೆನ್ಸಸ್ ಲೆಕ್ಕದ ಮೇಲೆ, ಸೆನ್ಸಸ್‌ನಲ್ಲಿ ಸಿಟಿಜನ್ ಅಲ್ಲದೆ ಇಲ್ಲಿ ವಾಸ ಇರೋರನ್ನೂ ಎಣಿಸ್ತಾರೆ. ಒಂದು ಕ್ಷೇತ್ರ ಅಂದ್ರೆ ಸರಾಸರಿ ಏಳೂವರೆ ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಜನ, ಆ ಲೆಕ್ಕದಲ್ಲಿ ನೀವೂ ಇದೀರಿ, ನಿಮ್ಮ ಮಗಳೂ ಇದಾಳೆ. ಅಹವಾಲು ಹೇಳ್ಕೊಳ್ಳೋ ಹಕ್ಕು 1791ರಲ್ಲಿ ಸಂವಿಧಾನಕ್ಕೆ ಸೇರಿದ ಮೊದಲನೇ ತಿದ್ದುಪಡಿಯಲ್ಲೇ ಇದೆ, ಅದರಲ್ಲಿ ಜನ ಅಂತಿದೆ, ವೋಟ್ ಇರೋರು ಅಂತಿಲ್ಲ. ಇದನ್ನ ಕೇಳಿದ ಮೇಲೆ ಹಿಂದೆ ಸರಿದಿದ್ದ ಕೆಲವರು ವಾಪಸ್ ಹೆಸರು ಕೊಟ್ರು.

ದಿನಾಂಕ ಆರಿಸೋದ್ರಲ್ಲೂ ಅವರ ಅನುಭವ ಎದ್ದು ಕಾಣ್ತು. ನಾವು ಶುಕ್ರವಾರ ಇಟ್ಟುಕೊಂಡ್ರೆ ವೀಕೆಂಡಿಗೆ ಮ್ಯೂಸಿಯಂ ನೋಡ್ಕೊಂಡು ಬರಬೋದು ಅಂತ ಲೆಕ್ಕ ಹಾಕ್ತಿದ್ವಿ, ಅವರು ಬೇಡವೇ ಬೇಡ ಅಂದ್ರು, ಸದಸ್ಯರು ಸಾಮಾನ್ಯವಾಗಿ ಸೋಮವಾರ ಸಂಜೆ ಹೊತ್ತಿಗೆ ಬಂದಿಳೀತಾರೆ, ಗುರುವಾರ ಮಧ್ಯಾಹ್ನದ ವೋಟಿಂಗ್ ಮುಗಿತಿದ್ದ ಹಾಗೆ ಏರ್‌ಪೋರ್ಟ್ ಕಡೆ ಹೊರಡ್ತಾರೆ, ಅದಕ್ಕೇ ಮಂಗಳವಾರ ಇಲ್ಲಾ ಬುಧವಾರ ಬೆಸ್ಟ್. ಅದರ ಮೇಲೆ ಹೌಸ್ ಮತ್ತೆ ಸೆನೆಟ್ ಎರಡೂ ಒಂದೇ ವಾರ ಅಧಿವೇಶನದಲ್ಲಿ ಇರ್ಬೇಕು, ಎರಡರ ಕ್ಯಾಲೆಂಡರ್ ಬೇರೆ ಬೇರೆ. ಆಗಸ್ಟ್ ಅಂತೂ ರಜೆ. ಇದೆಲ್ಲ ನೀವೇ ನೋಡ್ಕೋಬೋದಾದ ವಿಷಯ, ಎರಡೂ ಕ್ಯಾಲೆಂಡರ್ ನೆಟ್ಟಲ್ಲೇ ಇದಾವೆ, ಆದ್ರೆ ಹೋಟೆಲ್ ಬುಕ್ ಮಾಡೋಕೆ ಮುಂಚೆ ನೋಡ್ಬೇಕು ಅಷ್ಟೇ.

ಇನ್ನು ಮೀಟಿಂಗ್ ಕೇಳೋ ಕೆಲಸ. ಪ್ರತಿ ಆಫೀಸಿಗೂ ಒಬ್ಬರು ಶೆಡ್ಯೂಲರ್ ಇರ್ತಾರೆ, ಒಂದೊಂದು ಆಫೀಸಿನ ಫಾರ್ಮೂ ಒಂದೊಂದು ತರ, ಒಂದು ಕಡೆ ವೆಬ್‌ಸೈಟಲ್ಲಿ ತುಂಬಬೇಕು, ಇನ್ನೊಂದು ಕಡೆ ಈಮೇಲೇ ಆಗ್ಬೇಕು, ಉತ್ತರ ಬರಲ್ಲ, ಮತ್ತೆ ಫೋನ್, ಮತ್ತೆ ಈಮೇಲ್. ಒಂದು ತಿಂಗಳು ಮುಂಚೆಯಿಂದ ಶುರು ಮಾಡಿ ಬೆನ್ನು ಬಿದ್ದು ಹಿಡೀಬೇಕು, ಹಿಂದಿನ ದಿನ ಮತ್ತೆ ಕನ್ಫರ್ಮ್ ಮಾಡ್ಬೇಕು. ಹಲವು ರಾಜ್ಯದಿಂದ ಜನ ಬರ್ತಿದ್ರೆ ಇದು ಒಬ್ಬರಿಗೆ ಪೂರ್ತಿ ನೌಕರಿ ಆಗಿಬಿಡತ್ತೆ. ನಮ್ಮ ಕಂಪನಿಯವರು ಇದನ್ನ ಅಚ್ಚುಕಟ್ಟಾಗಿ ಮಾಡಿದ್ರು, ಪಟ್ಟಿಯಲ್ಲಿದ್ದ ಬಹುತೇಕ ಆಫೀಸುಗಳಲ್ಲಿ ಮೀಟಿಂಗ್ ಸಿಕ್ತು. ಸದಸ್ಯರೇ ಖುದ್ದು ಸಿಕ್ಕಿದ್ದು ಕಡಿಮೆ, ಜಾಸ್ತಿ ಸಿಕ್ಕಿದ್ದು ಸ್ಟಾಫು, ಅದರ ಬಗ್ಗೆ ಬೇಜಾರು ಮಾಡ್ಕೋಬೇಡಿ. ಇಮಿಗ್ರೇಶನ್ ನೋಡ್ಕೊಳ್ಳೋ ಲೆಜಿಸ್ಲೇಟಿವ್ ಅಸಿಸ್ಟೆಂಟ್ ಒಬ್ಬರಿರ್ತಾರೆ, ವಯಸ್ಸು ಇಪ್ಪತ್ತೈದು ಇಪ್ಪತ್ತಾರು ಇರಬೋದು, ಆದ್ರೆ ಬಿಲ್ ಬಂದಾಗ ಸದಸ್ಯರ ಮುಂದೆ ಕೂತು ಇದಕ್ಕೆ ಹೂಂ ಅನ್ನಿ ಊಹೂಂ ಅನ್ನಿ ಅಂತ ಹೇಳೋದು ಅವರೇ. ಒಬ್ಬ ಹೌಸ್ ಸದಸ್ಯರು ಕಾಯಂ ಸ್ಟಾಫ್ ಅಂತ ಇಟ್ಕೋಬೋದಾಗಿರೋದು 18 ಜನರನ್ನ ಮಾತ್ರ, ಅದರಲ್ಲೂ ಅರ್ಧ ಜನ ಊರಿನ ಆಫೀಸಲ್ಲಿ ಇರಬೋದು, ಹಾಗಾಗಿ ಆ ಒಬ್ಬರು ನಿಮ್ಮ ವಿಷಯ ಅರ್ಥ ಮಾಡ್ಕೊಂಡ್ರೆ ದೊಡ್ಡ ಕೆಲಸ ಆದ ಹಾಗೆ.

ಈಗ ಕಂಪನಿಯವರು ಕೆಡಿಸಿದ್ದು. ಆ್ಯಪ್‌ನಲ್ಲಿ ಶೆಡ್ಯೂಲ್ ನೋಡೋಕೆ ಚೆನ್ನಾಗಿತ್ತು, ಆದ್ರೆ ಅದನ್ನ ಜೋಡಿಸಿದವರು ಈ ಆಫೀಸುಗಳಿರೋ ಕ್ಯಾಪಿಟಲ್ ಹಿಲ್ ಬೆಟ್ಟದ ಮೇಲೆ ಯಾವತ್ತೂ ಕಾಲಲ್ಲಿ ನಡೆದಿಲ್ಲ ಅನ್ನೋದು ಗ್ಯಾರಂಟಿ. ಕ್ಯಾಪಿಟಲ್ ಕಟ್ಟಡ ಮಧ್ಯದಲ್ಲಿ, ಅದರ ದಕ್ಷಿಣಕ್ಕೆ ಇಂಡಿಪೆಂಡೆನ್ಸ್ ಅವೆನ್ಯೂ ಕಡೆ ಹೌಸ್‌ನವರ ಮೂರು ಕಟ್ಟಡ, ಕ್ಯಾನನ್, ಲಾಂಗ್‌ವರ್ತ್, ರೇಬರ್ನ್. ಉತ್ತರಕ್ಕೆ ಕಾನ್ಸ್ಟಿಟ್ಯೂಷನ್ ಅವೆನ್ಯೂ ಕಡೆ ಸೆನೆಟ್‌ನವರ ಮೂರು, ರಸೆಲ್, ಡರ್ಕ್ಸನ್, ಹಾರ್ಟ್. ರೇಬರ್ನ್ ಒಂದು ತುದಿ ಆದ್ರೆ ಹಾರ್ಟ್ ಇನ್ನೊಂದು ತುದಿ. ನಮ್ಮ ಒಂದು ತಂಡಕ್ಕೆ ರೇಬರ್ನ್‌ನಲ್ಲಿ ಒಂದು ಮೀಟಿಂಗ್ ಮುಗಿದ ಹದಿನೈದು ನಿಮಿಷಕ್ಕೆ ಹಾರ್ಟ್‌ನಲ್ಲಿ ಇನ್ನೊಂದು ಹಾಕಿದ್ರು, ಅದಾದ ಮೇಲೆ ಮತ್ತೆ ಲಾಂಗ್‌ವರ್ತ್. ಬೇಗ ಬೇಗ ನಡೆದ್ರೂ ಇಪ್ಪತ್ತು ನಿಮಿಷ ಹತ್ತಿರ ಹಿಡಿಯತ್ತೆ, ಹೊಸ ಕಟ್ಟಡಕ್ಕೆ ಹೋದಾಗ ಬ್ಯಾಗ್ ಎಕ್ಸ್‌ರೇಗೆ ಹಾಕಿ ಬೆಲ್ಟ್ ಬಿಚ್ಚಿ ಸೆಕ್ಯುರಿಟಿ ದಾಟಬೇಕು, ಆ ಕ್ಯೂ ಬೆಳಗ್ಗೆ ಹೊತ್ತು ಬಾಗಿಲಿಂದ ಹೊರಗಡೆ ಫುಟ್‌ಪಾತ್ ತನಕ ಬಂದಿರತ್ತೆ. ತಂಡದಲ್ಲಿ ಮಂಡಿನೋವಿರೋ ಹಿರಿಯರೊಬ್ಬರಿದ್ರು, ಸೊಸೆ ಮಕ್ಕಳ ಪರವಾಗಿ ಮಾತಾಡೋಕೆ ಅಂತ ಬಂದವರು, ಅವರನ್ನ ಅರ್ಧ ದಾರಿಯಲ್ಲಿ ಬೆಂಚಿನ ಮೇಲೆ ಕೂರಿಸಿ ಮಿಕ್ಕವರು ಓಡಬೇಕಾಯ್ತು. ಅವರು ಹೇಳಬೇಕಂತಿದ್ದ ಮಾತು ಆ ಆಫೀಸಲ್ಲಿ ಯಾರೂ ಹೇಳ್ಲೇ ಇಲ್ಲ. ಇದು ನನಗೆ ಇವತ್ತಿಗೂ ಸಿಟ್ಟು ಬರಿಸೋ ವಿಷಯ. ಬೆಳಗ್ಗೆ ಪೂರ್ತಿ ಹೌಸ್ ಕಡೆ, ಊಟ ಆದ ಮೇಲೆ ಪೂರ್ತಿ ಸೆನೆಟ್ ಕಡೆ ಅಂತ ಇಟ್ಟಿದ್ರೆ ಈ ಓಡಾಟನೇ ಇರ್ತಿರಲಿಲ್ಲ. ಹೌಸ್‌ನ ಮೂರು ಕಟ್ಟಡಗಳ ಮಧ್ಯೆ ನೆಲದಡಿ ಸುರಂಗದ ದಾರಿ ಇದೆ, ಒಂದು ಸಲ ಸೆಕ್ಯುರಿಟಿ ದಾಟಿದ್ರೆ ಒಳಗಿಂದೊಳಗೇ ಓಡಾಡಬೋದು, ಹೊರಗೆ ಬರೋದೇ ಬೇಡ, ಇದನ್ನೂ ಅವರು ಹೇಳ್ಲಿಲ್ಲ, ಯಾವುದೋ ಆಫೀಸಿನ ಇಂಟರ್ನ್ ಹುಡುಗಿ ಹೇಳಿದ್ಲು.

ರೂಮ್ ನಂಬರ್ ಓದೋದು ಕಲ್ತುಕೊಳ್ಳಿ, ಅರ್ಧ ಗೊಂದಲ ಹೋಗತ್ತೆ. ಮೂರಂಕಿ ಇದ್ರೆ ಕ್ಯಾನನ್. ನಾಲ್ಕಂಕಿ ಇದ್ದು 1ರಿಂದ ಶುರುವಾದ್ರೆ ಲಾಂಗ್‌ವರ್ತ್, 2ರಿಂದ ಶುರುವಾದ್ರೆ ರೇಬರ್ನ್, ನಾಲ್ಕಂಕಿಯಲ್ಲಿ ಎರಡನೇ ಅಂಕಿ ಮಹಡಿ. ಅಂದ್ರೆ 1415 ಅಂತಿದ್ರೆ ಲಾಂಗ್‌ವರ್ತ್ ನಾಲ್ಕನೇ ಮಹಡಿ. ಮೆಟ್ರೋದಲ್ಲಿ ಬರೋರಿಗೆ ಹೌಸ್ ಕಡೆಗೆ ಕ್ಯಾಪಿಟಲ್ ಸೌತ್ ಸ್ಟೇಷನ್, ಸೆನೆಟ್ ಕಡೆಗೆ ಯೂನಿಯನ್ ಸ್ಟೇಷನ್. ಇಷ್ಟನ್ನ ಆ್ಯಪ್‌ನಲ್ಲಿ ಮೊದಲನೇ ಪೇಜಲ್ಲಿ ಹಾಕಿದ್ರೆ ಹೆಲ್ಪ್ ಡೆಸ್ಕಿಗೆ ಬಂದ ಅರ್ಧಕ್ಕರ್ಧ ಫೋನ್ ಬರ್ತಿರಲಿಲ್ಲ ಅನ್ಸತ್ತೆ. ಹೆಲ್ಪ್ ಡೆಸ್ಕ್ ಬಗ್ಗೆ ದೂರಿಲ್ಲ, ಫೋನ್ ಎತ್ತಿದ್ರು, ಒಂದೆರಡು ಮೀಟಿಂಗ್ ವೋಟಿಂಗ್ ಬೆಲ್ ಆಗಿ ಮುಂದೆ ಹೋದಾಗ ತಕ್ಷಣ ಬೇರೆ ಟೈಮ್ ಹಿಡಿಸಿಕೊಟ್ರು.

ಟ್ರೇನಿಂಗ್ ಬಗ್ಗೆ ಎಷ್ಟು ಹೊಗಳಿದ್ರೂ ಕಡಿಮೆ. ನಾವು ಹೋಗ್ತಿದ್ದಿದ್ದು ಹತ್ತಾರು ಬೇಡಿಕೆ ಹಿಡ್ಕೊಂಡು, ದೇಶವಾರು ಮಿತಿ ತೆಗೀರಿ, ಬಳಕೆಯಾಗದೆ ಉಳಿದ ವೀಸಾ ವಾಪಸ್ ಕೊಡಿ, ಎಚ್-1ಬಿಯವರ ಗಂಡ ಹೆಂಡತಿಗೆ ಸಿಗೋ ಎಚ್-4 ವರ್ಕ್ ಪರ್ಮಿಟ್ ಉಳಿಸಿ, ವೀಸಾ ಸ್ಟಾಂಪಿಂಗ್ ಇಲ್ಲೇ ಮಾಡಿ, ಮಕ್ಕಳ ವಿಷಯ ನೋಡಿ. ಟ್ರೇನರ್ ಎಲ್ಲಾ ಕೇಳಿಸಿಕೊಂಡು ಇಷ್ಟೇ ಕೇಳಿದ್ರು: ನೀವು ಎದ್ದು ಹೋದ ಮೇಲೆ ಆ ಸ್ಟಾಫರ್ ತನ್ನ ಬಾಸ್‌ಗೆ ಒಂದು ಸಾಲಿನ ಈಮೇಲ್ ಬರೀತಾರೆ, ಆ ಸಾಲಲ್ಲಿ ಏನಿರ್ಬೇಕು? ನಮ್ಮೊಳಗೆ ಜಗಳನೇ ಆಯ್ತು. ಕೊನೆಗೆ 21 ವರ್ಷ ತುಂಬಿದ ತಕ್ಷಣ ಅಪ್ಪ ಅಮ್ಮನ ವೀಸಾದಿಂದ ಆಚೆ ಬೀಳೋ ಮಕ್ಕಳ ವಿಷಯ ಅಂತ ಒಪ್ಪಿದ್ವಿ, ಅದಕ್ಕೆ ಅಂತಲೇ ಅಮೆರಿಕಾಸ್ ಚಿಲ್ಡ್ರನ್ ಆ್ಯಕ್ಟ್ ಅನ್ನೋ ಬಿಲ್ 2021ರಲ್ಲಿ ಬಂದಿತ್ತು, 2023ರಲ್ಲಿ ಮತ್ತೆ ಮಂಡಿಸಿದ್ರು, ಎರಡೂ ಪಕ್ಷದವರ ಬೆಂಬಲ ಇರೋ ವಿಷಯ. ಕೇಳೋದು ಒಂದೇ, ನಿಮ್ಮ ಸದಸ್ಯರು ಈ ಬಿಲ್‌ಗೆ ಕೋ-ಸ್ಪಾನ್ಸರ್ ಆಗ್ತಾರಾ, ಅಂದ್ರೆ ಬೆಂಬಲ ಅಂತ ತಮ್ಮ ಹೆಸರು ಸೇರಿಸ್ತಾರಾ ಇಲ್ವಾ.

ಬ್ಯಾಕ್‌ಲಾಗ್ ಲೆಕ್ಕವನ್ನೂ ಒಂದೇ ನಿಮಿಷದಲ್ಲಿ ಹೇಳೋದು ಕಲಿಸಿದ್ರು. ವರ್ಷಕ್ಕೆ ಕೆಲಸದ ಮೇಲೆ ಕೊಡೋ ಗ್ರೀನ್ ಕಾರ್ಡ್ 1,40,000, ಈ ಸಂಖ್ಯೆ 1990ರ ಇಮಿಗ್ರೇಶನ್ ಕಾಯ್ದೆಯದು, ಅದರಲ್ಲಿ ಹೆಂಡತಿ ಗಂಡ ಮಕ್ಕಳೂ ಸೇರಿ ಲೆಕ್ಕ. ಯಾವ ದೇಶಕ್ಕೂ ಶೇಕಡಾ 7ಕ್ಕಿಂತ ಜಾಸ್ತಿ ಇಲ್ಲ, ಅಂದ್ರೆ ಸುಮಾರು 9,800, ಬೇರೆಯವರು ಬಳಸದೆ ಬಿಟ್ಟಿದ್ದು ಏನಾದ್ರೂ ಉಳಿದ್ರೆ ಅದು ಮೇಲೆ. ಭಾರತಕ್ಕೂ ಅಷ್ಟೇ, ಐಸ್‌ಲ್ಯಾಂಡಿಗೂ ಅಷ್ಟೇ. ಈ ಕೊನೇ ವಾಕ್ಯ ಹೇಳಿದಾಗ ಪ್ರತಿ ಆಫೀಸಲ್ಲೂ ಎದುರಿಗಿದ್ದವರು ತಲೆ ಎತ್ತಿ ನೋಡಿದ್ರು, ಹೊಸದಾಗಿ ಸೇರಿದ ಸುಮಾರು ಸ್ಟಾಫರ್‌ಗಳಿಗೆ ಇದು ಗೊತ್ತೇ ಇರಲ್ಲ.

ಹಳೇ ಕಥೆ ಕೂಡ ತಿಳ್ಕೊಂಡು ಹೋಗಿ ಅಂತ ಹೇಳಿದ್ರು, ಅದೂ ಒಳ್ಳೇದಾಯ್ತು. ದೇಶವಾರು ಮಿತಿ ತೆಗೆಯೋ ಎಚ್.ಆರ್. 1044 ಬಿಲ್ 2019ರ ಜುಲೈ 10ಕ್ಕೆ ಹೌಸ್‌ನಲ್ಲಿ 365-65ರಲ್ಲಿ ಪಾಸಾಗಿತ್ತು. ಸೆನೆಟ್ ತನ್ನದೇ ಎಸ್. 386 ಅನ್ನ 2020ರ ಡಿಸೆಂಬರ್ 2ಕ್ಕೆ ಯಾರ ವಿರೋಧವೂ ಇಲ್ದೆ ಪಾಸ್ ಮಾಡ್ತು. ಎರಡರಲ್ಲೂ ಬರೆದಿದ್ದು ಬೇರೆ ಬೇರೆ ಇತ್ತು, ಹೊಂದಿಸಿ ಒಂದು ಮಾಡೋಷ್ಟರಲ್ಲಿ ಆ ಕಾಂಗ್ರೆಸ್ಸಿನ ಅವಧಿ ಮುಗಿದು ಎರಡೂ ಬಿದ್ದುಹೋದ್ವು. ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. 2022ರ ಡಿಸೆಂಬರಲ್ಲಿ ದೇಶವಾರು ಮಿತಿ ತೆಗೆಯೋ ಇನ್ನೊಂದು ಬಿಲ್, ಈಗಲ್ ಆ್ಯಕ್ಟ್, ಹೌಸ್‌ನಲ್ಲಿ ವೋಟಿಗೆ ಬರತ್ತೆ ಅಂತ ಎಲ್ಲಾರೂ ಕಾದು ಕೂತಿದ್ರು, ಅದೂ ಬರ್ಲಿಲ್ಲ. ಇದನ್ನ ಗೊತ್ತು ಮಾಡ್ಕೊಂಡು ಹೋದ್ರೆ ಏನು ಉಪಯೋಗ ಅಂದ್ರೆ, ನಿಮ್ಮ ಸದಸ್ಯರು 2019ರಲ್ಲಿ ಇದ್ದವರಾಗಿದ್ರೆ ಆವತ್ತು ಹೇಗೆ ವೋಟ್ ಮಾಡಿದ್ರು ಅಂತ ನೋಡ್ಕೊಂಡು, ಪರವಾಗಿ ಮಾಡಿದ್ರೆ ಮೊದಲು ಥ್ಯಾಂಕ್ಸ್ ಹೇಳಿ ಮಾತು ಶುರು ಮಾಡ್ಬೋದು. ಒಂದು ಆಫೀಸಲ್ಲಿ ಹೀಗೆ ಶುರು ಮಾಡಿದ್ದಕ್ಕೆ ಅಲ್ಲಿನ ಸ್ಟಾಫ್ ಹುಡುಗ ನೋಟ್‌ಪ್ಯಾಡ್ ಪಕ್ಕಕ್ಕಿಟ್ಟು ನೀವು ಹಳೇ ವೋಟ್ ನೋಡ್ಕೊಂಡು ಬಂದಿದೀರಾ ಅಂತ ಖುಷಿಯಾಗಿ ಕೇಳಿದ.

ಕಥೆ ಹೇಳೋದನ್ನ ಕೂಡ ಪ್ರಾಕ್ಟೀಸ್ ಮಾಡಿಸಿದ್ರು, ಒಬ್ಬೊಬ್ಬರದ್ದೂ ಎರಡು ನಿಮಿಷ ಮೀರದ ಹಾಗೆ. ನಮ್ಮವರಿಗೆ ಇದು ಕಷ್ಟ, ನಾವು ಯಾವ ವಿಷಯ ಹೇಳ್ಬೇಕಂದ್ರೂ ಬೆಂಗಳೂರಲ್ಲಿ ಇಂಜಿನಿಯರಿಂಗ್ ಸೇರಿದಾಗಿಂದ ಶುರು ಮಾಡ್ತೀವಿ. ನಮ್ಮ ಗುಂಪಿನ ಒಬ್ಬ ತಾಯಿ, ಮಗಳು ಮೂರು ವರ್ಷದವಳಿದ್ದಾಗ ಇಲ್ಲಿಗೆ ಬಂದವರು, ಮೊದಲು ತಮ್ಮ ಪಿಟಿಷನ್ನು, ಪ್ರಯಾರಿಟಿ ಡೇಟು, ಇಬಿ-2 ಇಬಿ-3 ಅಂತೆಲ್ಲ ಹೇಳ್ತಿದ್ರು. ಟ್ರೇನರ್ ಅದನ್ನೆಲ್ಲ ತೆಗೆಸಿ ಮಗಳ ವಿಷಯ ಮಾತ್ರ ಹೇಳಿ ಅಂದ್ರು. ಲಾಂಗ್‌ವರ್ತ್‌ನಲ್ಲಿ ಆಫೀಸ್ ಒಳಗೆ ಜಾಗ ಇಲ್ಲ ಅಂತ ಕಾರಿಡಾರಲ್ಲೇ ನಿಂತು ಮೀಟಿಂಗ್, ಜನ ಓಡಾಡ್ತಿದಾರೆ, ಗಾಡಿ ತಳ್ಕೊಂಡು ಹೋಗ್ತಿದಾರೆ. ಆಯಮ್ಮ ಹೇಳಿದ್ದಿಷ್ಟು: ನನ್ನ ಮಗಳು ನಿಮ್ಮ ಕ್ಷೇತ್ರದ ಸ್ಕೂಲಲ್ಲೇ ಕಿಂಡರ್‌ಗಾರ್ಟನ್‌ನಿಂದ ಓದಿದಾಳೆ, ನರ್ಸಿಂಗ್ ಮಾಡ್ತಿದಾಳೆ, ಬರೋ ವರ್ಷ 21 ತುಂಬತ್ತೆ, ತುಂಬಿದ ದಿನದಿಂದ ಅವಳು ನಮ್ಮ ಮೇಲೆ ಡಿಪೆಂಡೆಂಟ್ ಅಲ್ಲ, ಸ್ಟೂಡೆಂಟ್ ವೀಸಾ ಸಿಗದಿದ್ರೆ ಅವಳಿಗೆ ನೆನಪೇ ಇಲ್ಲದ ಊರಿಗೆ ಒಬ್ಬಳೇ ಹೋಗ್ಬೇಕು. ಫೋನ್ ನೋಡ್ಕೊಂಡು ಹೂಂ ಹೂಂ ಅಂತಿದ್ದ ಸ್ಟಾಫರ್ ಫೋನ್ ಜೇಬಿಗಿಟ್ಟ, ಯಾವ ಸ್ಕೂಲು ಅಂತ ಕೇಳಿದ, ಇವರು ಹೆಸರು ಹೇಳಿದ್ರು, ನನ್ನ ತಂಗಿ ಅದೇ ಸ್ಕೂಲು ಅಂದ. ಆಮೇಲೆ ಬಿಲ್ ನಂಬರ್ ಕೇಳಿ ಬರ್ಕೊಂಡ. ಟ್ರೇನಿಂಗಿಗೆ ಕೊಟ್ಟ ದುಡ್ಡು ಆ ಕಾರಿಡಾರಲ್ಲೇ ವಸೂಲಾಯ್ತು.

ಶಾಲಿನ ವಿಷಯ ಹೇಳ್ಲೇಬೇಕು. ನಮ್ಮ ಹಿರಿಯರು ಒಂದಿಬ್ಬರು ಅಷ್ಟು ದೂರ ಹೋಗ್ತಿದೀವಿ, ಬರಿಗೈಯಲ್ಲಿ ಹೆಂಗೆ ಹೋಗೋದು, ಮೈಸೂರು ಪೇಟ, ಶಾಲು, ಗಂಧದ ಹಾರ ತಗೊಂಡು ಸನ್ಮಾನ ಮಾಡೋಣ ಅಂತ ಪ್ರೀತಿಯಿಂದ ಹೇಳಿದ್ರು, ಕೆಲವರು ಆಗಲೇ ಊರಿಂದ ತರಿಸಿಯೂ ಇದ್ರು. ಕಂಪನಿಯವರು ಸ್ಪಷ್ಟವಾಗಿ ಬೇಡ ಅಂದ್ರು. ಕಾಂಗ್ರೆಸ್ಸಿನ ಗಿಫ್ಟ್ ನಿಯಮ ಬಿಗಿ, ಸಾಮಾನ್ಯವಾಗಿ 50 ಡಾಲರ್ ಒಳಗಿರ್ಬೇಕು, ಲಾಬಿಯಿಸ್ಟ್ ಇಟ್ಟುಕೊಂಡಿರೋ ಸಂಸ್ಥೆಯಿಂದ ಆದ್ರೆ ಆ ವಿನಾಯಿತಿನೂ ಇಲ್ಲ, ಸುಮ್ನೆ ಆ ಸ್ಟಾಫಿಗೆ ತಲೆನೋವು. ಕೈ ಕುಲುಕಿ, ನೇರ ವಿಷಯಕ್ಕೆ ಬನ್ನಿ, ಅದೇ ಮರ್ಯಾದೆ ಅಂದ್ರು. ಹಿರಿಯರಿಗೆ ಮೊದಲು ಬೇಜಾರಾದ್ರೂ ಒಪ್ಪಿಕೊಂಡ್ರು. ಶಾಲು ಮನೆಯಲ್ಲೇ ಉಳೀತು, ಆಮೇಲೆ ನಮ್ಮ ಯುಗಾದಿ ಕಾರ್ಯಕ್ರಮದಲ್ಲಿ ವಾಲಂಟಿಯರ್‌ಗಳಿಗೆ ಹೊದಿಸಿದ್ವಿ.

ದುಡ್ಡಿನ ವಿಷಯದಲ್ಲಿ ಇನ್ನೊಂದು ಎಚ್ಚರ, ಇದನ್ನ ಮಾತ್ರ ಅವರು ತಾವಾಗೇ ಹೇಳ್ಲಿಲ್ಲ, ನಮ್ಮಲ್ಲೇ ಒಬ್ಬರು ವಕೀಲರು ಹೇಳಿದ್ದು. ಸಿಟಿಜನ್ ಅಲ್ಲದೆ ಗ್ರೀನ್ ಕಾರ್ಡೂ ಇಲ್ಲದವರು ಯಾವ ಅಭ್ಯರ್ಥಿಗೂ ಚುನಾವಣಾ ದೇಣಿಗೆ ಕೊಡೋ ಹಾಗಿಲ್ಲ, ಕಾನೂನಿಗೆ ವಿರುದ್ಧ. ಮೀಟಿಂಗಲ್ಲಿ ಯಾರೂ, ಸಿಟಿಜನ್ ಆದವರೂ, ದೇಣಿಗೆ ಅನ್ನೋ ಮಾತೇ ಎತ್ತಬಾರದು. ಆಮೇಲೆ ನಮ್ಮ ಬಹುತೇಕ ಕನ್ನಡ ಕೂಟಗಳು ತೆರಿಗೆ ವಿನಾಯಿತಿ ಇರೋ 501(ಸಿ)(3) ಸಂಸ್ಥೆಗಳು, ಅವು ಲಾಬಿ ಮಾಡ್ಲೇಬಾರದು ಅಂತ ಸುಮಾರು ಜನ ಕಮಿಟಿಯವರು ಹೆದರ್ತಾರೆ. ಮಾಡ್ಬೋದು, ಆದ್ರೆ ಮಿತಿ ಇದೆ. ತೆರಿಗೆ ಇಲಾಖೆ ಐಆರ್‌ಎಸ್‌ಗೆ ಫಾರ್ಮ್ 5768 ಕೊಟ್ಟು 501(ಎಚ್) ಲೆಕ್ಕ ಆರಿಸ್ಕೊಂಡ್ರೆ ಮಿತಿ ಎಷ್ಟು ಅಂತ ಅಂಕಿಯಲ್ಲೇ ಗೊತ್ತಾಗತ್ತೆ, ವರ್ಷದ ಖರ್ಚಿನ ಮೊದಲ 5 ಲಕ್ಷ ಡಾಲರ್‌ಗೆ ಶೇಕಡಾ 20ರ ತನಕ ಲಾಬಿಗೆ ಬಳಸ್ಬೋದು. ಸಣ್ಣ ಕೂಟಕ್ಕೆ ಇದು ಧಾರಾಳ ಆಯ್ತು. ಇಂಥ ಅಭ್ಯರ್ಥಿಗೆ ವೋಟ್ ಹಾಕಿ ಅನ್ನೋದು ಮಾತ್ರ ಪೂರ್ತಿ ನಿಷೇಧ. ಇಷ್ಟು ಮುಖ್ಯವಾದ ವಿಷಯ ಸರ್ವಿಸ್ ಕೊಡೋರು ಕಾಂಟ್ರ್ಯಾಕ್ಟಿಗೆ ಸೈನ್ ಹಾಕಿಸಿಕೊಳ್ಳೋ ದಿನವೇ ಹೇಳ್ಬೇಕು, ಟ್ರೆಷರರ್ ಕೇಳೋ ತನಕ ಕಾಯೋದಲ್ಲ.

ಪ್ರಿಂಟ್ ಮಾಡಿದ ಫೋಲ್ಡರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬಣ್ಣಬಣ್ಣದ ದಪ್ಪ ಫೋಲ್ಡರ್, ಒಳಗೆ ಹತ್ತು ಹನ್ನೆರಡು ಹಾಳೆ, ಯಾರೂ ಓದಲ್ಲ. ಒಂದೇ ಹಾಳೆ ಸಾಕು, ಮೇಲೆ ಬಿಲ್ ನಂಬರ್, ಕೆಳಗೆ ಬೇಡಿಕೆ, ಆ ಕ್ಷೇತ್ರದ ಒಬ್ಬರ ಕಥೆ ಮೂರು ಸಾಲು, ಫೋನ್ ನಂಬರ್. ಊರಲ್ಲೇ ಪ್ರಿಂಟ್ ಮಾಡಿಸ್ಕೊಂಡು ಹೋಗಿ.

ಫೋಟೋ ಹುಚ್ಚಿನ ಬಗ್ಗೆ ಸ್ವಲ್ಪ ಕಟುವಾಗೇ ಹೇಳ್ತೀನಿ. ಕಾಂಗ್ರೆಸ್ಸಿನಲ್ಲಿ ಭಾರತೀಯ ಮೂಲದವರು ಇದಾರೆ, ರೋ ಖನ್ನಾ, ಪ್ರಮೀಳಾ ಜಯಪಾಲ್, ರಾಜಾ ಕೃಷ್ಣಮೂರ್ತಿ, ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಮಿಶಿಗನ್‌ನಿಂದ ಗೆದ್ದವರು. ಹೆಮ್ಮೆ ಪಡೋ ವಿಷಯನೇ. ಆದ್ರೆ ನಿಮ್ಮ ವಿಳಾಸ ಅವರ ಕ್ಷೇತ್ರದಲ್ಲಿ ಇಲ್ಲ ಅಂದ್ರೆ ಅಲ್ಲಿ ಹೋಗಿ ಕಾಯ್ಕೊಂಡು ಅರ್ಧ ದಿನ ಕಳೆಯೋದು ಬೇಡ. ನಮ್ಮ ಒಂದು ತಂಡ ಶೆಡ್ಯೂಲ್ ಬಿಟ್ಟು ಹಾಗೆ ಹೋಗಿ ಒಂದು ಮೀಟಿಂಗಿಗೆ ತಡ ಮಾಡ್ತು. ಇಮಿಗ್ರೇಶನ್ ಅಂದ್ರೆ ಮುಖ ಸಿಂಡರಿಸೋ ಸದಸ್ಯರ ಕ್ಷೇತ್ರದಲ್ಲಿ ನೀವೊಬ್ಬರೇ ಕನ್ನಡದವರು ಇದ್ರೂ ಸರಿ, ಆ ಬಾಗಿಲಿಗೆ ಹೋಗೋಕೆ ನಿಮ್ಮನ್ನ ಬಿಟ್ರೆ ಬೇರೆ ಯಾರೂ ಇಲ್ಲ, ಅಲ್ಲಿಗೆ ಹೋಗಿ. ಸೆಷನ್ ನೋಡೋ ಆಸೆ ಇದ್ರೆ ನಿಮ್ಮ ಸದಸ್ಯರ ಆಫೀಸಲ್ಲೇ ಗ್ಯಾಲರಿ ಪಾಸ್ ಕೇಳಿ, ಪುಕ್ಕಟೆ ಕೊಡ್ತಾರೆ, ಮಕ್ಕಳು ಬಂದಿದ್ರೆ ಖಂಡಿತ ತೋರಿಸಿ.

ಮೀಟಿಂಗ್ ಮುಗಿದ ಮೇಲಿನ ಕೆಲಸದಲ್ಲಿ ಈ ಸರ್ವಿಸ್ ಪೂರ್ತಿ ಕೈಕೊಟ್ಟಿತು. ಪ್ರತಿ ಮೀಟಿಂಗ್ ಆದ ಮೇಲೆ ಆ್ಯಪ್‌ನಲ್ಲಿ ಯಾರು ಸಿಕ್ರು, ಏನಂದ್ರು, ಏನು ಕೇಳಿದ್ರು ಅಂತ ತುಂಬಿಸಿದ್ವಿ, ಕಾರಿಡಾರಲ್ಲಿ ನಿಂತು, ಲಾಂಗ್‌ವರ್ತ್ ಕೆಳಗಿನ ಕೆಫೆಟೇರಿಯಾದಲ್ಲಿ ಸ್ಯಾಂಡ್‌ವಿಚ್ ತಿಂತಾ. ಆಮೇಲೆ ಆ ಮಾಹಿತಿ ಎಲ್ಲಾ ಒಂದು ಶೀಟಲ್ಲಿ ಕೊಡಿ ಅಂದ್ರೆ ವಾರಗಟ್ಟಲೆ ಇವತ್ತು ನಾಳೆ ಅಂದ್ರು, ಅಷ್ಟರಲ್ಲಿ ಆ್ಯಪ್‌ನ ಅವಧಿ ಮುಗಿದು ಲಾಗಿನ್ನೇ ಆಗ್ತಿರಲಿಲ್ಲ. ಬಿಟ್ಟೂ ಬಿಡದೆ ಕೇಳಿದ ಮೇಲೆ ಬಂತು, ಅದರಲ್ಲೂ ಸ್ಟಾಫರ್‌ಗಳ ಈಮೇಲ್ ಕಾಲಂ ಖಾಲಿ. ಸ್ಟಾಫರ್‌ಗೆ ಮಾರನೇ ದಿನವೇ ಥ್ಯಾಂಕ್ಸ್ ಮೇಲ್ ಹೋಗ್ಬೇಕು, ಕೇಳಿದ ಪ್ರಶ್ನೆಗೆ ಉತ್ತರ ಹೋಗ್ಬೇಕು, ಮೂರು ವಾರ ಬಿಟ್ಟು ಕೋ-ಸ್ಪಾನ್ಸರ್ ವಿಷಯ ಏನಾಯ್ತು ಅಂತ ಮತ್ತೆ ಕೇಳ್ಬೇಕು. ಅದು ಆಗ್ಲಿಲ್ಲ ಅಂದ್ರೆ ಅಷ್ಟು ಜನ ರಜೆ ಹಾಕಿ, ವಿಮಾನದ ಟಿಕೆಟ್ ತೆಗೆದು ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಪುಣ್ಯಕ್ಕೆ ನಮ್ಮ ಕೆಲವು ಹುಡುಗರು ವಿಸಿಟಿಂಗ್ ಕಾರ್ಡ್‌ಗಳ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ರು, ಅದರಿಂದಲೇ ಮೇಲ್‌ಗಳು ಹೋದ್ವು.

ಈ ನೋಟ್ಸ್ ನಿಮ್ಮ ಹತ್ರ ಇರೋದು ಯಾಕೆ ಅಷ್ಟು ಮುಖ್ಯ ಅಂದ್ರೆ, ಆ ಸ್ಟಾಫರ್‌ಗಳು ಒಂದೆರಡು ವರ್ಷಕ್ಕೆ ಕೆಲಸ ಬದಲಾಯಿಸ್ತಾರೆ, ಕಾಂಗ್ರೆಸ್ ಕೂಡ ಎರಡು ವರ್ಷಕ್ಕೊಮ್ಮೆ ಹೊಸದು. ಈಗಿನ 119ನೇ ಕಾಂಗ್ರೆಸ್ 2025ರ ಜನವರಿ 3ಕ್ಕೆ ಶುರುವಾಗಿದ್ದು, 2027ರ ಜನವರಿ 3ಕ್ಕೆ ಮುಗಿದಾಗ ಪಾಸಾಗದ ಬಿಲ್ ಎಲ್ಲಾ ಸತ್ತುಹೋಗತ್ತೆ, ಹೊಸ ನಂಬರ್ ಹಾಕಿ ಮೊದಲಿಂದ ಶುರು. ಹಳೇ ನೋಟ್ಸ್ ಇದ್ದೋರು ಹಿಂದಿನ ಸಲ ನಿಮ್ಮ ಆಫೀಸಲ್ಲಿ ಇವರು ಹೀಗಂದಿದ್ರು ಅಂತ ಮಾತು ಮುಂದುವರೆಸ್ತಾರೆ, ಇಲ್ದೋರು ಮತ್ತೆ ಶೇಕಡಾ 7ರಿಂದ ಶುರು ಮಾಡ್ತಾರೆ.

ಹಾಗಾದ್ರೆ ಯಾರು ತಗೋಬೇಕು ಅಂದ್ರೆ, ಹಲವು ರಾಜ್ಯದಿಂದ ದೊಡ್ಡ ಗುಂಪು ಬರ್ತಿದ್ರೆ ಅಪಾಯಿಂಟ್‌ಮೆಂಟ್ ಮತ್ತೆ ಟ್ರೇನಿಂಗ್ ಎರಡಕ್ಕೆ ಮಾತ್ರ ರೇಟ್ ಕೇಳಿ, ಕೇಳಿದ್ರೆ ಬಿಡಿಬಿಡಿಯಾಗಿ ಕೊಡೋರು ಇದಾರೆ. ಒಂದೇ ರಾಜ್ಯದವರು, ಮೂರ್ನಾಲ್ಕು ಆಫೀಸು ಅಷ್ಟೇ ಅಂದ್ರೆ ಯಾವ ಕಂಪನಿಯೂ ಬೇಡ, ನಿಮ್ಮಲ್ಲೇ ಇಬ್ಬರು ಕೂತು ಫೋನ್ ಮಾಡಿ. ಡಿಸಿಗೆ ಹೋಗೋಕಾಗದವರು ಊರಲ್ಲೇ ಇರೋ ಡಿಸ್ಟ್ರಿಕ್ಟ್ ಆಫೀಸಿಗೆ ಹೋಗಿ, ಆಗಸ್ಟ್ ರಜೆಯಲ್ಲಿ ಸದಸ್ಯರೇ ಖುದ್ದು ಸಿಗೋ ಸಾಧ್ಯತೆ ಅಲ್ಲೇ ಜಾಸ್ತಿ, ಹಿರಿಯರೂ ಮಕ್ಕಳೂ ಆರಾಮಾಗಿ ಬರಬೋದು. ಸೈನ್ ಹಾಕೋಕೆ ಮುಂಚೆ ಕಾಂಟ್ರ್ಯಾಕ್ಟಲ್ಲಿ ಎರಡು ಸಾಲು ಬರೆಸ್ಕೊಳ್ಳಿ: ಮೀಟಿಂಗ್ ಆದ ಮೂರು ದಿನದೊಳಗೆ ಎಲ್ಲಾ ನೋಟ್ಸು, ಸ್ಟಾಫರ್‌ಗಳ ಹೆಸರು ಈಮೇಲ್ ಸಮೇತ ನಮ್ಮ ಕೈಗೆ ಬರ್ಬೇಕು, ಹೌಸ್ ಮೀಟಿಂಗು ಸೆನೆಟ್ ಮೀಟಿಂಗು ಒಂದರ ಬೆನ್ನಿಗೊಂದು ಹಾಕೋ ಹಾಗಿಲ್ಲ. ನಾವು ಬರೋ ಸಲಕ್ಕೆ ಮಾತಾಡ್ತಿರೋ ಕಂಪನಿ ಎರಡಕ್ಕೂ ಒಪ್ಪಿದೆ, ನಮ್ಮ ಒಂದು ಪುಟದ ಹಾಳೆ, ಟ್ರೇನಿಂಗಲ್ಲಿ ಮಾಡ್ಕೊಂಡ ನೋಟ್ಸ್ ಬೇಕಿದ್ದ ಕೂಟದವರು ಕೇಳಿ, ಕಳಿಸ್ತೀನಿ.